ಕೋಳಿ ಚರ್ಮದ ಹಳದಿ, ತುಟಿಯ ಜುಮ್ಮು

ದಕ್ಷಿಣ ಕೊಡಗಿನ ಶ್ರೀಮಂಗಲದಿಂದ ಇರ್ಪು ಜಲಪಾತದ ಕಡೆಗೆ ಬೆಳಗಿನ ಜಾವ ಹೊರಟವರಿಗೆ ಕಾಫಿ ತೋಟದ ಅಂಚಿನಿಂದ ಒಂದು ಒರಟು ಕೂಗು ಕೇಳುತ್ತದೆ. ಊರ ಹುಂಜದಂತೆ ರಾಗವಾಗಿ ಎಳೆಯುವುದಿಲ್ಲ. ತುಂಡು ತುಂಡಾಗಿ ಕೂಗಿ, ಕೊನೆಯದನ್ನು ಅರ್ಧ ನುಂಗಿ ನಿಲ್ಲಿಸುತ್ತದೆ. ಅದು ಬೂದು ಕಾಡುಕೋಳಿ. ವಿಜ್ಞಾನಿಗಳು ಅದಕ್ಕೆ ಗ್ಯಾಲಸ್ ಸೊನರಾಟಿ ಎಂದು ಹೆಸರಿಟ್ಟಿದ್ದಾರೆ. ಬ್ರಹ್ಮಗಿರಿಯ ಕಾಡು, ನಾಗರಹೊಳೆ, ಪಶ್ಚಿಮಘಟ್ಟದ ಉದ್ದಗಲ ಅದರ ನೆಲೆ. ಭಾರತದ ಪರ್ಯಾಯದ್ವೀಪ ಬಿಟ್ಟರೆ ಜಗತ್ತಿನ ಇನ್ನಾವ ಕಾಡಿನಲ್ಲೂ ಅದು ಇಲ್ಲ. ಹುಂಜದ ಕುತ್ತಿಗೆಯ ಗರಿಗಳ ಮೇಲೆ ಮೇಣದ ಹೊಳಪಿನ ಹಳದಿ ಚುಕ್ಕೆಗಳಿರುತ್ತವೆ. ಬ್ರಿಟನ್ನಿನ ಶೋಕಿ ಮೀನುಗಾರರು ಗಾಳಕ್ಕೆ ಕಟ್ಟುವ ಹುಸಿ ನೊಣಗಳನ್ನು ಮಾಡುತ್ತಿದ್ದದ್ದು ಈ ಗರಿಗಳಿಂದ. ಆ ವ್ಯಾಪಾರಕ್ಕಾಗಿ ಸತ್ತ ಹುಂಜಗಳು ಕಡಿಮೆಯಲ್ಲ. ಕೊನೆಗೆ ಭಾರತ ರಫ್ತನ್ನೇ ನಿಲ್ಲಿಸಬೇಕಾಯಿತು.

ಈ ಅಧ್ಯಾಯ ಚೀನಾದ ಕೋಳಿ ಹಾಟ್ ಪಾಟ್ ಕುರಿತದ್ದು. ಆದರೂ ಕಾಡುಕೋಳಿಯಿಂದ ಶುರುಮಾಡಲು ಕಾರಣವಿದೆ. ಆ ಪಾತ್ರೆಯಲ್ಲಿ ಕುದಿಯುವ ಕೋಳಿಯ ಚರ್ಮದ ಬಣ್ಣ ಈ ಹಕ್ಕಿಯ ವಂಶದಿಂದ ಬಂದದ್ದು.

ಹಾಟ್ ಪಾಟ್ ಕಾಣದವರಿಗೆ ಎರಡು ಮಾತು. ಮೇಜಿನ ನಡುವೆ ಇಂಡಕ್ಷನ್ ಒಲೆ, ಅದರ ಮೇಲೆ ಅಗಲ ಬಾಯಿಯ ಪಾತ್ರೆ, ಒಳಗೆ ಕುದಿಯುವ ರಸ. ಸುತ್ತ ತಟ್ಟೆಗಳಲ್ಲಿ ಹಸಿ ಮಾಂಸ, ಅಣಬೆ, ಸೊಪ್ಪು, ತೋಫು, ಶಾವಿಗೆ. ತಿನ್ನುವವರೇ ಅದ್ದಿ ಬೇಯಿಸಿಕೊಳ್ಳಬೇಕು. ಹದಿಮೂರನೆಯ ಶತಮಾನದಲ್ಲೇ ಲಿನ್ ಹೊಂಗ್ ಎಂಬ ಚೀನೀ ಲೇಖಕ ವೂಯಿ ಬೆಟ್ಟದಲ್ಲಿ ಮೊಲದ ಮಾಂಸದ ತೆಳು ಹೋಳುಗಳನ್ನು ಹೀಗೆ ಕುದಿವ ರಸದಲ್ಲಿ ಅದ್ದಿ ತಿಂದದ್ದನ್ನು ಬರೆದಿಟ್ಟಿದ್ದಾನೆ. ಈಗಿನ ಕೋಳಿ ಹಾಟ್ ಪಾಟ್‌ನಲ್ಲಿ ಎರಡು ಬಗೆ ಹೆಚ್ಚು ಹೆಸರು ಮಾಡಿವೆ. ಹಾಂಗ್‌ಕಾಂಗ್ ಬಗೆಯಲ್ಲಿ ಮೊದಲು ಗಟ್ಟಿ ಮಸಾಲೆಯ ಕೋಳಿ ಬರುತ್ತದೆ. ತುಂಡುಗಳನ್ನು ತಿಂದು ಮುಗಿಸುವ ಹೊತ್ತಿಗೆ ಉಳಿದ ಮಸಾಲೆಗೇ ರಸ ಸುರಿದು ಕುದಿಸಿ, ಮಿಕ್ಕ ಪದಾರ್ಥಗಳನ್ನು ಬೇಯಿಸುತ್ತಾರೆ. ಹೈನಾನ್ ದ್ವೀಪದ ಬಗೆಯಲ್ಲಿ ನೀರಿನ ಬದಲು ಎಳನೀರು. ಬೆಂಗಳೂರಿನಲ್ಲೂ ಈಗ ಹಾಟ್ ಪಾಟ್ ಮೇಜುಗಳಿವೆ. ಶ್ರೀಮಂಗಲದ ಹಿರಿಯರು ಇದನ್ನು ನೋಡುವುದು ಅಲ್ಲಿ ಕೆಲಸದಲ್ಲಿರುವ ಮಕ್ಕಳ ಜೊತೆ ಹೋದಾಗ. ‘ದುಡ್ಡೂ ಕೊಟ್ಟು ಅಡುಗೆಯನ್ನೂ ನಾವೇ ಮಾಡಬೇಕಾ’ ಎಂಬುದು ಅವರ ಮೊದಲ ಆಕ್ಷೇಪ. ನ್ಯಾಯವಾದ ಆಕ್ಷೇಪವೇ.

ಈಗ ಚರ್ಮಕ್ಕೆ ಬರೋಣ. ದಕ್ಷಿಣ ಚೀನಾದವರು ಕೋಳಿ ಕೊಳ್ಳುವಾಗ ಮೊದಲು ನೋಡುವುದು ಹಳದಿಯನ್ನು. ಗರಿ, ಕೊಕ್ಕು, ಕಾಲು ಮೂರೂ ಹಳದಿಯಾಗಿರುವ ‘ಸಾನ್‌ಹ್ವಾಂಗ್’ ಕೋಳಿಗೆ ಅಲ್ಲಿ ದೊಡ್ಡ ಮಾನ. ಎಲ್ಲ ಕೋಳಿಗಳ ಚರ್ಮ ಹಳದಿಯಾಗಿರುವುದಿಲ್ಲ. ಸಾಕುಕೋಳಿಯ ಪೂರ್ವಜ ಕೆಂಪು ಕಾಡುಕೋಳಿ ಎಂದು ಚಾರ್ಲ್ಸ್ ಡಾರ್ವಿನ್ 1868ರಲ್ಲಿ ಬರೆದ. ಅದೊಂದೇ ಪೂರ್ವಜ ಎಂಬುದು ಅವನ ತೀರ್ಮಾನ. ಬಹುಪಾಲು ಅದು ಸರಿ. 2020ರಲ್ಲಿ 863 ಕೋಳಿಗಳ ಇಡೀ ಜೀನೋಮ್ ಓದಿ ಹೋಲಿಸಿದಾಗ, ಸಾಕುಕೋಳಿಯ ಮೂಲ ನೈಋತ್ಯ ಚೀನಾ, ಉತ್ತರ ಥಾಯ್ಲೆಂಡ್, ಮ್ಯಾನ್ಮಾರ್‌ಗಳಲ್ಲಿರುವ ಕೆಂಪು ಕಾಡುಕೋಳಿಯ ಒಂದು ಉಪಜಾತಿ ಎಂದು ಗೊತ್ತಾಯಿತು. ಆದರೆ ಕೆಂಪು ಕಾಡುಕೋಳಿಯ ಚರ್ಮ ಬಿಳಿ. ಹಾಗಾದರೆ ಹಳದಿ ಎಲ್ಲಿಂದ ಬಂತು?

2008ರಲ್ಲಿ ಸ್ವೀಡನ್ನಿನ ಉಪ್ಸಲಾ ವಿಶ್ವವಿದ್ಯಾಲಯದ ಲೀಫ್ ಆಂಡರ್ಸನ್ ಅವರ ತಂಡ ಇದಕ್ಕೆ ಉತ್ತರ ಕೊಟ್ಟಿತು. ಜೋಳ, ಹಸಿರು ಸೊಪ್ಪು ತಿಂದ ಕೋಳಿಯ ಮೈಗೆ ಕೆರೊಟಿನಾಯ್ಡ್ ಎಂಬ ಹಳದಿ ವರ್ಣದ್ರವ್ಯ ಸೇರುತ್ತದೆ. ಬಿಸಿಡಿಓ2 ಎಂಬ ಕಿಣ್ವ ಅದನ್ನು ಕತ್ತರಿಸಿ ಬಣ್ಣಗೆಡಿಸುತ್ತದೆ. ಹಳದಿ ಚರ್ಮದ ಕೋಳಿಯಲ್ಲಿ ಈ ಕಿಣ್ವದ ಜೀನು ಕೆಟ್ಟಿರುವುದಿಲ್ಲ, ಯಕೃತ್ತಿನಲ್ಲಿ ಸರಿಯಾಗಿಯೇ ದುಡಿಯುತ್ತದೆ. ಚರ್ಮದಲ್ಲಿ ಮಾತ್ರ ಅದರ ಕೆಲಸ ತಗ್ಗಿರುತ್ತದೆ. ಹಾಗಾಗಿ ಅಲ್ಲಿ ಬಣ್ಣ ಉಳಿಯುತ್ತದೆ. ತಂದೆ ತಾಯಿ ಇಬ್ಬರಿಂದಲೂ ಈ ಬಗೆಯ ಜೀನು ಬಂದರಷ್ಟೇ ಮರಿಯ ಚರ್ಮ ಹಳದಿ. ಸಂಶೋಧಕರು ಈ ಜೀನಿನ ಅಕ್ಷರಸರಣಿಯನ್ನು ಕಾಡುಕೋಳಿಗಳ ಜೀನಿನೊಂದಿಗೆ ಇಟ್ಟು ನೋಡಿದರು. ಕೆಂಪು ಕಾಡುಕೋಳಿಗೆ ಅದು ಹೊಂದಲಿಲ್ಲ. ಬೂದು ಕಾಡುಕೋಳಿಗೆ ಹೊಂದಿತು.

ಅಂದರೆ ಎಂದೋ ಒಮ್ಮೆ ಈ ಪರ್ಯಾಯದ್ವೀಪದ ಕಾಡಂಚಿನಲ್ಲಿ ಊರ ಕೋಳಿಯೂ ಕಾಡ ಕೋಳಿಯೂ ಕೂಡಿವೆ. ಆ ಮಿಶ್ರ ಸಂತತಿಯ ಹಳದಿ ಜನರಿಗೆ ಹಿಡಿಸಿದೆ. ಅವರು ಆರಿಸಿ ಆರಿಸಿ ಸಾಕಿದ್ದಾರೆ. ಇವತ್ತು ಜಗತ್ತಿನ ವಾಣಿಜ್ಯ ತಳಿಗಳಲ್ಲಿ ಹಳದಿ ಚರ್ಮ ಸರ್ವೇಸಾಮಾನ್ಯ. ಡಾರ್ವಿನ್ ಎಡವಿದ ಕೆಲವೇ ಕಡೆಗಳಲ್ಲಿ ಇದೊಂದು, ಎಡವಿದ್ದು ನಮ್ಮ ಘಟ್ಟದ ಹಕ್ಕಿಯ ಮೇಲೆ ಎಂಬುದು ನನಗೆ ತುಸು ಖುಷಿ ಕೊಡುವ ಸಂಗತಿ. ಜೀನು ಇದ್ದರೆ ಸಾಲದು, ತಿನಿಸಿನಲ್ಲಿ ಬಣ್ಣವೂ ಬೇಕು. ಗುಂಡ್ಲುಪೇಟೆಯ ರೈತರು ಎಕರೆಗಟ್ಟಲೆ ಬೆಳೆಯುವ ಚೆಂಡುಹೂವಿನಲ್ಲಿ ಬಹಳಷ್ಟು ಕಾರ್ಖಾನೆಗೆ ಹೋಗುವುದು ಇದೇ ಹಳದಿಯನ್ನು ಹಿಂಡಲು. ಹಾಗೆ ತೆಗೆದ ವರ್ಣದ್ರವ್ಯವನ್ನು ಕೋಳಿ ಆಹಾರಕ್ಕೆ ಬೆರೆಸುತ್ತಾರೆ. ಮೊಟ್ಟೆಯ ಭಂಡಾರಕ್ಕೂ ಚರ್ಮಕ್ಕೂ ಅದರಿಂದ ಬಣ್ಣ ಏರುತ್ತದೆ.

ಪಾತ್ರೆ ಕುದಿಯಲು ಶುರುವಾಯಿತು ಎನ್ನಿ. ಎಷ್ಟು ಬಿಸಿ? ಶಾಲೆಯಲ್ಲಿ ನೀರು 100 ಡಿಗ್ರಿಗೆ ಕುದಿಯುತ್ತದೆ ಎಂದು ಕಲಿಯುತ್ತೇವೆ. ಅದು ಮಂಗಳೂರಿಗೆ ಸರಿ. ಸುಮಾರು 300 ಮೀಟರ್ ಮೇಲೇರಿದಂತೆ ಕುದಿಬಿಂದು ಒಂದು ಡಿಗ್ರಿ ಇಳಿಯುತ್ತದೆ. ದಕ್ಷಿಣ ಕೊಡಗಿನಲ್ಲೂ ಬೆಂಗಳೂರಿನಲ್ಲೂ ನೀರು ಕುದಿಯುವುದು 97ರ ಆಸುಪಾಸಿನಲ್ಲಿ. 3,600 ಮೀಟರ್ ಮೀರಿದ ಲಾಸಾದಲ್ಲಿ 88ಕ್ಕೇ ಕುದಿ ಬರುತ್ತದೆ. ಮೂರು ಡಿಗ್ರಿಯ ವ್ಯತ್ಯಾಸ ಅಡುಗೆಗೆ ದೊಡ್ಡದಲ್ಲ. ದೊಡ್ಡ ವ್ಯತ್ಯಾಸ ಬರುವುದು ನಮ್ಮ ಆತುರದಿಂದ.

ಒಂದು ಲೆಕ್ಕ ಮಾಡಿ. ಪಾತ್ರೆಯಲ್ಲಿ ಎರಡು ಲೀಟರ್ ರಸ, 97 ಡಿಗ್ರಿ. ಫ್ರಿಜ್ಜಿನಿಂದ ತೆಗೆದ, 5 ಡಿಗ್ರಿಯ ಅರ್ಧ ಕಿಲೋ ಕೋಳಿಯನ್ನು ಒಮ್ಮೆಗೇ ಸುರಿದರೆ, ಒಲೆಯ ಶಾಖ ಸೇರುವ ಮುನ್ನ ಎಲ್ಲ ಬೆರೆತು ಸಮವಾಗುವುದು ಸುಮಾರು 81 ಡಿಗ್ರಿಗೆ. ಒಂದು ಕಿಲೋ ಸುರಿದರೆ 70ಕ್ಕೆ. ಕೋಳಿಮಾಂಸದಲ್ಲಿರಬಹುದಾದ ಸಾಲ್ಮೊನೆಲ್ಲಾ, ಕ್ಯಾಂಪಿಲೋಬ್ಯಾಕ್ಟರ್‌ಗಳು ಸಾಯಬೇಕಾದರೆ ತುಂಡಿನ ಒಳಗೂ 74 ಡಿಗ್ರಿ ಮುಟ್ಟಬೇಕು ಎಂಬುದು ಅಡುಗೆಮನೆಗಳು ಪಾಲಿಸುವ ನಿಯಮ. 1,500 ವಾಟ್‌ನ ಒಲೆಗೆ ಅರ್ಧ ಕಿಲೋದ ಆಘಾತದಿಂದ ಚೇತರಿಸಿಕೊಂಡು ಮತ್ತೆ ಕುದಿಗೆ ಬರಲು ಎರಡು ನಿಮಿಷಕ್ಕೂ ಹೆಚ್ಚು ಬೇಕು. ಅಷ್ಟರಲ್ಲಿ ಹಸಿದವನ ಕೈ ಪಾತ್ರೆಯೊಳಗೆ ಇರುತ್ತದೆ. ದನದ ಮಾಂಸದ ಹಾಳೆಯಂಥ ಹೋಳಿಗೆ ಕೆಲವೇ ಸೆಕೆಂಡು ಸಾಕು. ಮೂಳೆಸಹಿತ ಕೋಳಿ ತುಂಡಿಗೆ ಆ ಲೆಕ್ಕ ನಡೆಯುವುದಿಲ್ಲ. ಕೋಳಿ ಪಾಟ್‌ಗಳಲ್ಲಿ ಕೋಳಿಯನ್ನು ಮೊದಲೇ ಬೇಯಿಸಿ ತರುವುದು ಅಥವಾ ಮುಚ್ಚಳ ಮುಚ್ಚಿ ಗಡಿಯಾರ ಇಟ್ಟು ಕಾಯಿಸುವುದು ಇದಕ್ಕೇ.

ರಸದ ಹದ ನಿಂತಿರುವುದು ಕೊಲಾಜೆನ್ ಮೇಲೆ. ಚರ್ಮ, ಸ್ನಾಯುರಜ್ಜು, ಮೂಳೆಯ ತುದಿಯ ಮೃದ್ವಸ್ಥಿಗಳಲ್ಲಿರುವ ಈ ಪ್ರೋಟೀನು ಮೂರು ಎಳೆ ಹೊಸೆದ ಹಗ್ಗದಂತಿದೆ. 70 ಡಿಗ್ರಿ ದಾಟಿದ ಬಿಸಿಯಲ್ಲಿ ಬಹಳ ಹೊತ್ತು ಇದ್ದರೆ ಹೊಸೆತ ಬಿಚ್ಚಿ ಜೆಲಾಟಿನ್ ಆಗುತ್ತದೆ. ರಸಕ್ಕೆ ತುಟಿಗೆ ಅಂಟುವ ಗುಣ ಬರುವುದು, ಆರಿದ ಮೇಲೆ ಸಾರು ಗಟ್ಟಿಯಾಗುವುದು ಇದರಿಂದ. ಕೋಳಿಗೆ ವಯಸ್ಸಾದಂತೆ ಎಳೆಗಳ ನಡುವೆ ಅಡ್ಡಬಂಧಗಳು ಹೆಚ್ಚುತ್ತವೆ. ಆಗ ಹಗ್ಗ ಸುಲಭಕ್ಕೆ ಬಿಚ್ಚುವುದಿಲ್ಲ. ಬ್ರಾಯ್ಲರ್ ಕೋಳಿ ಆರು ವಾರಕ್ಕೆ ಅಂಗಡಿಗೆ ಬರುತ್ತದೆ. ಅಂಗಳದಲ್ಲಿ ಕೆದಕಿ ಓಡಾಡಿದ ನಾಟಿಕೋಳಿಗೆ ಹಲವು ತಿಂಗಳ ವಯಸ್ಸು, ದುಡಿದ ಕಾಲು. ಬ್ರಾಯ್ಲರಿನ ತುಂಡು ಇಪ್ಪತ್ತು ನಿಮಿಷಕ್ಕೆ ಮೆತ್ತಗಾಗಿ, ಇನ್ನಷ್ಟು ಬೇಯಿಸಿದರೆ ನಾರುನಾರಾಗಿ ಹರಿಯುತ್ತದೆ. ನಾಟಿಕೋಳಿ ಅಷ್ಟು ಹೊತ್ತಿಗೆ ರಬ್ಬರು. ಒಲೆ ಬಿಡದೆ ಸಣ್ಣ ಉರಿಯಲ್ಲಿ ಕಾಯ್ದವರಿಗೆ ಮಾತ್ರ ಅದು ಒಲಿಯುತ್ತದೆ. ಕುಕ್ಕರಿನೊಳಗೆ ಒತ್ತಡದಿಂದ ನೀರಿನ ಬಿಸಿ 120ರ ಹತ್ತಿರ ಹೋಗುವುದರಿಂದ ಹೊತ್ತು ಉಳಿಯುತ್ತದೆ. ಆದರೆ ಮಸಾಲೆಯ ಘಮ ಸಿಳ್ಳೆಯ ಜೊತೆ ಹೊರಟು ಅಡುಗೆಮನೆ ತುಂಬುತ್ತದೆ, ತಟ್ಟೆಗೆ ಬರುವುದು ಕಡಿಮೆ.

ಕೊಡವರ ಕೋಳಿ ಕರಿ ಈ ಕಾಯುವಿಕೆಯ ಅಡುಗೆ. ಹುರಿದ ಮಸಾಲೆ, ತೆಂಗಿನಕಾಯಿ, ಕರಿಮೆಣಸು, ಮೂಳೆಯಿಂದ ಇಳಿದ ಜೆಲಾಟಿನ್ ಎಲ್ಲ ಸೇರಿದ ರಸವನ್ನು ಅಕ್ಕಿ ಶಾವಿಗೆಯಾದ ನೂಪುಟ್ಟಿನ ಎಳೆಗಳು ಹೀರಿಕೊಳ್ಳುತ್ತವೆ. ಹಾಟ್ ಪಾಟ್‌ನ ಕೊನೆಯಲ್ಲಿ ಶಾವಿಗೆ ಹಾಕುವುದರ ಉದ್ದೇಶವೂ ಇದೇ. ಅಕ್ಕಿಯ ಪಿಷ್ಟ ರಸವನ್ನು ಹಿಡಿದು ಬಾಯಿಗೆ ತರುತ್ತದೆ. ಎರಡು ದೇಶದ ಅಡುಗೆಯವರು ಒಬ್ಬರನ್ನೊಬ್ಬರು ಕೇಳದೆ ಒಂದೇ ಕಡೆ ಬಂದು ನಿಂತಿದ್ದಾರೆ.

ಅಣಬೆಯ ಮಾತು ಬೇಗ ಮುಗಿಸುತ್ತೇನೆ. ಜಪಾನಿನ ಕಿಕುನೆ ಇಕೆಡಾ 1908ರಲ್ಲಿ ಕಡಲಪಾಚಿಯಿಂದ ಗ್ಲುಟಮೇಟ್ ಬೇರ್ಪಡಿಸಿ ಅದರ ರುಚಿಗೆ ಉಮಾಮಿ ಎಂದ. 1913ರಲ್ಲಿ ಅವನ ಶಿಷ್ಯ ಶಿಂಟಾರೊ ಕೊಡಾಮಾ ಒಣಮೀನಿನಲ್ಲಿ ಇನೊಸಿನೇಟ್ ಕಂಡ. ಕೋಳಿಮಾಂಸದಲ್ಲಿ ಇನೊಸಿನೇಟ್ ಧಾರಾಳ, ಸೋಯಾ ಸಾಸಿನಲ್ಲಿ ಗ್ಲುಟಮೇಟ್ ಧಾರಾಳ. ಒಣಗಿಸಿದ ಅಣಬೆಯಲ್ಲಿ ಗ್ವಾನಿಲೇಟ್ ಎಂಬ ಇನ್ನೊಂದು. ಇವು ಬಿಡಿಬಿಡಿಯಾಗಿ ಕೊಡುವ ರುಚಿಗಿಂತ ಕೂಡಿ ಕೊಡುವ ರುಚಿ ಹಲವು ಪಟ್ಟು. ಮಳೆಗಾಲದಲ್ಲಿ ಕುಮ್ಮು ಕರಿ ತಿಂದವರಿಗೆ ಅಣಬೆಯ ಬಲ ಹೇಳಿಕೊಡಬೇಕಿಲ್ಲ.

ಖಾರದ ವಿಷಯ ಮಾತ್ರ ನಿಧಾನವಾಗಿ ನೋಡಬೇಕಾದದ್ದು.

ಸಿಹಿ, ಉಪ್ಪು, ಹುಳಿಗಳಂತೆ ಖಾರ ರುಚಿಯಲ್ಲ, ಅದು ನೋವು. ನಮ್ಮ ನರಗಳ ತುದಿಯಲ್ಲಿ ಟಿಆರ್‌ಪಿವಿ1 ಎಂಬ ಬಾಗಿಲು ಇದೆ. 43 ಡಿಗ್ರಿ ದಾಟಿದ ಬಿಸಿ ತಗುಲಿದರೆ ಅದು ತೆರೆದು ‘ಸುಡುತ್ತಿದೆ’ ಎಂದು ಮಿದುಳಿಗೆ ಸುದ್ದಿ ಕಳಿಸುತ್ತದೆ. ಮೆಣಸಿನಕಾಯಿಯ ಕ್ಯಾಪ್ಸೈಸಿನ್ ಬಿಸಿಯೇ ಇಲ್ಲದೆ ಅದೇ ಬಾಗಿಲನ್ನು ತೆರೆಯುತ್ತದೆ. 1997ರಲ್ಲಿ ಅಮೆರಿಕದ ಡೇವಿಡ್ ಜೂಲಿಯಸ್ ಅವರ ಪ್ರಯೋಗಾಲಯ ಇದನ್ನು ಕಂಡುಹಿಡಿಯಿತು. 2021ರಲ್ಲಿ ಆರ್ಡೆಮ್ ಪಟಪೂಟಿಯನ್ ಜೊತೆ ಅವರಿಗೆ ನೊಬೆಲ್ ಬಂತು. ಹಾಟ್ ಪಾಟ್ ಕೆಂಪಗೆ ಕುದಿಯುವಾಗ ನಿಜವಾದ ಬಿಸಿ, ಸುಳ್ಳು ಬಿಸಿ ಎರಡೂ ಒಂದೇ ಬಾಗಿಲಿಗೆ ಬಂದು ಒದೆಯುತ್ತವೆ. ಆರಿದ ಮೇಲೆ ಅದೇ ರಸ ಸೌಮ್ಯ ಅನ್ನಿಸುವುದಕ್ಕೆ ಇದು ಕಾರಣ. ಕ್ಯಾಪ್ಸೈಸಿನ್ ನೀರಿನಲ್ಲಿ ಕರಗದು, ಎಣ್ಣೆಯಲ್ಲಿ ಕರಗುತ್ತದೆ. ಹಾಗಾಗಿ ಪಾತ್ರೆಯ ಖಾರವೆಲ್ಲ ತೇಲುವ ಕೆಂಪೆಣ್ಣೆಯಲ್ಲಿರುತ್ತದೆ. ಸೊಪ್ಪನ್ನು ಮೇಲಿಂದ ಎತ್ತಿದರೆ ಎಲೆಯ ಮಡಿಕೆಗಳಲ್ಲಿ ಎಣ್ಣೆ ಸಿಕ್ಕಿ ಬರುತ್ತದೆ. ಆಲೂಗಡ್ಡೆಗಿಂತ ಸೊಪ್ಪು ಹೆಚ್ಚು ಉರಿಯುವುದಕ್ಕೆ ಬೇರೆ ವಿವರಣೆ ಬೇಡ. ನಾಲಿಗೆ ಉರಿದಾಗ ನೀರು ಕುಡಿಯುವುದೂ ದಂಡ, ಮೊಸರು ಕೇಳಿ.

ಪಾತ್ರೆಯಲ್ಲಿರುವ ಕೋಳಿಗೆ ಬದುಕಿದ್ದಾಗ ಈ ಖಾರ ಗೊತ್ತೇ ಆಗುತ್ತಿರಲಿಲ್ಲ. ಹಕ್ಕಿಗಳಿಗೂ ಆ ಬಾಗಿಲು ಇದೆ, ಬಿಸಿಗೆ ತೆರೆಯುತ್ತದೆ. ಆದರೆ ಅದರ ರಚನೆಯ ಒಂದು ಸಣ್ಣ ವ್ಯತ್ಯಾಸದಿಂದ ಕ್ಯಾಪ್ಸೈಸಿನ್ ಅಲ್ಲಿ ಕೂರುವುದಿಲ್ಲ. ಗಿಡಕ್ಕೆ ಇದರಿಂದ ಲಾಭ. ಹಲ್ಲಿನಿಂದ ಬೀಜ ಅರೆಯುವ ಇಲಿ, ಹೆಗ್ಗಣಗಳು ದೂರ ಉಳಿಯುತ್ತವೆ. ಬೀಜವನ್ನು ಇಡಿಯಾಗಿ ನುಂಗಿ ದೂರದಲ್ಲಿ ಹಿಕ್ಕೆ ಹಾಕುವ ಹಕ್ಕಿಗಳು ಬರುತ್ತವೆ. ಕೊಡಗಿನ ಕಾಫಿ ತೋಟಗಳಲ್ಲಿ ಯಾರೂ ನೆಡದ ಕಡೆ, ಹಕ್ಕಿ ಕೂರುವ ಮರದ ಬುಡದಲ್ಲಿ ಸೂಜಿಮೆಣಸಿನ ಗಿಡ ಹುಟ್ಟಿಕೊಳ್ಳುವುದು ಹೀಗೆ.

ಈ ಮೆಣಸಿನಕಾಯಿ ಚೀನಾದ್ದೂ ಅಲ್ಲ, ಕೊಡಗಿನದೂ ಅಲ್ಲ, ಅಮೆರಿಕ ಖಂಡದ್ದು. ಚೀನಾದಲ್ಲಿ ಅದರ ಮೊದಲ ಉಲ್ಲೇಖ 1591ರ ಗಾವೊ ಲಿಯಾನ್‌ನ ಪುಸ್ತಕದಲ್ಲಿದೆ. ಅಲ್ಲಿ ಅದು ಚಂದಕ್ಕೆ ಬೆಳೆಸುವ ಗಿಡ. ಮೆಣಸಿನಕಾಯಿ ಬರುವ ಮೊದಲು ಕೊಡಗಿನ ಅಡುಗೆಯಲ್ಲಿ ಖಾರ ಎಂದರೆ ಕರಿಮೆಣಸು. ಅದರ ಪೈಪರಿನ್ ಕೂಡ ಟಿಆರ್‌ಪಿವಿ1 ಬಾಗಿಲನ್ನೇ ತೆರೆಯುವುದು, ಕ್ಯಾಪ್ಸೈಸಿನ್‌ಗಿಂತ ಬಹಳ ಮೆತ್ತಗೆ. ಕರಿಮೆಣಸಿನ ಸುದ್ದಿಯಲ್ಲಿ ಚೀನೀಯರು ನಮ್ಮ ಹಳೆಯ ಗಿರಾಕಿಗಳು. 1405ರಿಂದ 1433ರವರೆಗೆ ಜೆಂಗ್ ಹೆ ನಾಯಕತ್ವದ ಹಡಗುಪಡೆ ಕಲ್ಲಿಕೋಟೆಗೆ ಮತ್ತೆ ಮತ್ತೆ ಬಂತು. ಅದರಲ್ಲಿದ್ದ ಮಾ ಹುವಾನ್ ಎಂಬ ದುಭಾಷಿ, ಬೆಟ್ಟದ ನಾಡಿನವರು ತೋಟ ಮಾಡಿ ಮೆಣಸು ಬೆಳೆಯುವುದನ್ನೂ ಬಿಸಿಲಿಗೆ ಒಣಗಿಸಿ ಮಾರುವುದನ್ನೂ ದಾಖಲಿಸಿದ್ದಾನೆ. ಶ್ರೀಮಂಗಲದಿಂದ ಕುಟ್ಟ, ತೋಲ್ಪೆಟ್ಟಿ ದಾಟಿ ವಯನಾಡಿನ ಘಟ್ಟ ಇಳಿದರೆ ಸಿಗುವುದು ಅದೇ ಕಲ್ಲಿಕೋಟೆ. ಬೀಜಿಂಗಿನ ಪ್ರಭುಗಳ ಊಟಕ್ಕೆ ಘಟ್ಟದ ಮೆಣಸು ಬಿದ್ದು ಆರು ನೂರು ವರ್ಷವಾಯಿತು.

ಸಿಚುವಾನ್ ಹಾಟ್ ಪಾಟ್‌ನಲ್ಲಿ ಇನ್ನೊಂದಿದೆ. ಹೆಸರಿಗೆ ಸಿಚುವಾನ್ ಪೆಪ್ಪರ್, ಜಾತಿಯಲ್ಲಿ ಮೆಣಸಲ್ಲ. ನಿಂಬೆ, ಕಿತ್ತಳೆಗಳ ಕುಟುಂಬಕ್ಕೆ ಸೇರಿದ ಮುಳ್ಳಿನ ಗಿಡದ ಕಾಯಿ. ಕಚ್ಚಿದರೆ ಉರಿಯುವುದಿಲ್ಲ, ತುಟಿ ಜುಮ್ಮೆಂದು ನಡುಗಿದಂತಾಗಿ ಮರಗಟ್ಟುತ್ತದೆ. ಅದರ ಸಾನ್‌ಶೂಲ್ ಎಂಬ ರಾಸಾಯನಿಕ ನರಕೋಶಗಳ ಕೆಲವು ಪೊಟ್ಯಾಸಿಯಂ ದ್ವಾರಗಳನ್ನು ಮುಚ್ಚುತ್ತದೆ ಎಂದು 2008ರಲ್ಲಿ ಗೊತ್ತಾಯಿತು. ಆಗ ಸ್ಪರ್ಶದ ನರಗಳು ಯಾರೂ ಮುಟ್ಟದೆಯೂ ಮಿಡಿಯುತ್ತವೆ. 2013ರಲ್ಲಿ ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ಸಂಶೋಧಕರು ಸ್ವಯಂಸೇವಕರ ತುಟಿಗೆ ಇದನ್ನು ಹಚ್ಚಿ, ಬೆರಳಿಗೆ ಕಂಪಿಸುವ ಯಂತ್ರ ಹಿಡಿಸಿ, ಎರಡೂ ಕಡೆಯ ನಡುಕ ಒಂದೇ ಎನಿಸುವುದು ಯಾವ ವೇಗದಲ್ಲಿ ಎಂದು ಕೇಳಿದರು. ಉತ್ತರ ಸೆಕೆಂಡಿಗೆ 50ರ ಹತ್ತಿರ ಬಂತು. ನಮ್ಮ ಮನೆಗಳಿಗೆ ಬರುವ ವಿದ್ಯುತ್ತಿನ ಆವರ್ತನವೂ 50. ಮುಂಗಾರಿನಲ್ಲಿ ದಕ್ಷಿಣ ಕೊಡಗಿನ ತಂತಿಗಳಿಗಿಂತ ಸಿಚುವಾನಿನ ಕಾಯಿಯ ಮೇಲೆ ಹೆಚ್ಚು ಭರವಸೆ ಇಡಬಹುದು.

ಇದರ ಸೋದರ ನಮ್ಮ ಘಟ್ಟದಲ್ಲೇ ಇದೆ. ಕರಾವಳಿಯವರು ಜುಮ್ಮನಕಾಯಿ ಎನ್ನುತ್ತಾರೆ, ಕೊಂಕಣಿಗರು ತೆಪ್ಪಲ ಎನ್ನುತ್ತಾರೆ. ಕಾಂಡದ ತುಂಬ ಶಂಕುವಿನಾಕಾರದ ದಪ್ಪ ಮುಳ್ಳುಗಳಿರುವ ಎತ್ತರದ ಮರ, ಸಸ್ಯಶಾಸ್ತ್ರದಲ್ಲಿ ಜ್ಯಾಂಥೋಕ್ಸೈಲಮ್ ರೆಟ್ಸ. ಸಿಚುವಾನ್ ಗಿಡವೂ ಜ್ಯಾಂಥೋಕ್ಸೈಲಮ್ ಕುಲದ್ದೇ. ಎರಡರಲ್ಲೂ ಬೀಜ ಎಸೆದು ಸಿಪ್ಪೆ ಬಳಸುವುದು ವಾಡಿಕೆ. ಉಡುಪಿ, ಮಂಗಳೂರುಗಳ ಬಂಗುಡೆ ಸಾರಿನಲ್ಲಿ ಇದು ಬೀಳುತ್ತದೆ. ಬೆಂಗಳೂರಿನ ಅಂಗಡಿಗಳು ಚೀನಾದಿಂದ ತರಿಸಿದ ಪೊಟ್ಟಣಕ್ಕೆ ದುಬಾರಿ ಬೆಲೆ ಹಾಕುವಾಗ, ಘಟ್ಟದ ಇಳಿಜಾರಿನಲ್ಲಿ ಅದರ ಬಂಧು ಉದುರಿ ಬಿದ್ದಿರುತ್ತದೆ. ಕೊಡಗಿನ ಅಡುಗೆ ಇದನ್ನು ಯಾಕೆ ಒಳಗೆ ಬಿಟ್ಟುಕೊಳ್ಳಲಿಲ್ಲ ಎಂಬ ಅಚ್ಚರಿ ನನಗಿದೆ. ಕಾಚಂಪುಳಿ ಇದ್ದ ಮನೆಗೆ ಇನ್ನೊಂದು ಗಡುಸು ಬೇಡವಾಯಿತೇನೊ.

ಆ ಕಾಚಂಪುಳಿಯನ್ನು ವಿನೆಗರ್ ಎಂದು ಕರೆಯುವವರ ಮೇಲೆ ನನ್ನ ತಕರಾರಿದೆ. ಹಾಟ್ ಪಾಟ್‌ನ ಅದ್ದಿಕೊಳ್ಳುವ ಬಟ್ಟಲಿನಲ್ಲಿರುವ ಚೀನಾದ ಕಪ್ಪು ವಿನೆಗರ್ ಅಕ್ಕಿಯನ್ನು ಹುದುಗಿಸಿ ಮಾಡಿದ್ದು, ಅದರ ಹುಳಿ ಅಸಿಟಿಕ್ ಆಮ್ಲ. ಬಿಸಿಗೆ ಆವಿಯಾಗಿ ಮೂಗಿಗೆ ರಾಚುತ್ತದೆ. ಅದಕ್ಕೇ ಅದನ್ನು ಕೊನೆಯಲ್ಲಿ ಬಟ್ಟಲಿಗೆ ಹಾಕಿಕೊಳ್ಳುವುದು. ಕಾಚಂಪುಳಿ ಮಳೆಗಾಲದಲ್ಲಿ ಉದುರುವ ಗಾರ್ಸಿನಿಯ ಹಣ್ಣಿನಿಂದ ತೊಟ್ಟಿಕ್ಕಿದ ರಸವನ್ನು ಕಾಯಿಸಿ ಕಪ್ಪಗೆ ಇಳಿಸಿದ್ದು. ಅದರ ಮುಖ್ಯ ಆಮ್ಲ ಹೈಡ್ರಾಕ್ಸಿಸಿಟ್ರಿಕ್ ಆಮ್ಲ ಎಂದು 1965ರಲ್ಲಿ ಗುರುತಿಸಿದವರು ಮೈಸೂರಿನ ಸಿಎಫ್‌ಟಿಆರ್‌ಐ ಸಂಸ್ಥೆಯ ಲೂಯಿಸ್ ಮತ್ತು ನೀಲಕಂಠನ್. ಆ ಆಮ್ಲ ಆವಿಯಾಗುವುದಿಲ್ಲ, ಎಷ್ಟು ಕುದಿಸಿದರೂ ಪಾತ್ರೆಯಲ್ಲೇ ಉಳಿಯುತ್ತದೆ. ವರ್ಷಗಟ್ಟಲೆ ಕೆಡದೆ ಬಾಟಲಿಯಲ್ಲಿ ಇರುತ್ತದೆ. ಮೇಜಿನ ಮೇಲೆ ಗಂಟೆಗಟ್ಟಲೆ ಕುದಿಯುವ ಹಾಟ್ ಪಾಟ್‌ನ ರಸಕ್ಕೆ ಹುಳಿ ಬೇಕಿದ್ದರೆ ವಿನೆಗರ್‌ಗಿಂತ ಕಾಚಂಪುಳಿಯೇ ತಕ್ಕದ್ದು. ಚೀನೀಯರಿಗೆ ಅದು ಸಿಗಲಿಲ್ಲ, ಅಷ್ಟೇ.

ಇನ್ನು ಓದುಗರಿಗೆ ಒಂದೆರಡು ಮಾತು. ಹಾಟ್ ಪಾಟ್ ಮೇಜಿಗೆ ಕೂತರೆ ಕೋಳಿಯನ್ನು ಸ್ವಲ್ಪ ಸ್ವಲ್ಪವೇ ಹಾಕಿ, ರಸ ಮತ್ತೆ ಕುದಿಗೆ ಬಂದ ಮೇಲೂ ಕಾಯಿರಿ, ಹಸಿ ಮಾಂಸ ಮುಟ್ಟಿದ ಚಾಪ್‌ಸ್ಟಿಕ್ಕನ್ನು ಬಾಯಿಗೆ ಇಡಬೇಡಿ. ಕಾಡುಕೋಳಿಯನ್ನು 1972ರ ವನ್ಯಜೀವಿ ಕಾಯ್ದೆ ಕಾಯುತ್ತದೆ, ಅದರ ಹಳದಿ ಅಂಗಡಿಯ ಕೋಳಿಯಲ್ಲೇ ಸಿಗುತ್ತಿರುವಾಗ ಕಾಡಿನದಕ್ಕೆ ಕೈ ಹಾಕುವ ಅಗತ್ಯವೂ ಇಲ್ಲ. ಶ್ರೀಮಂಗಲದಿಂದ ನಾಟಿಕೋಳಿ ಒಯ್ದು ಬೆಂಗಳೂರಿನ ಮಕ್ಕಳ ಮನೆಯಲ್ಲಿ ಹಾಟ್ ಪಾಟ್ ಮಾಡುವ ಯೋಚನೆ ಇದ್ದರೆ ಹಿಂದಿನ ರಾತ್ರಿಯೇ ಬೇಯಿಸಿ ರಸ ಇಳಿಸಿಡಿ. ಮೇಜಿನ ಮೇಲೆ ಹಸಿಯಾಗಿ ಹಾಕಿದರೆ, ಅದು ಬೇಯುವ ಹೊತ್ತಿಗೆ ಎಲ್ಲರೂ ಬರೀ ನೂಪುಟ್ಟು ತಿಂದು ಕೈ ತೊಳೆದಿರುತ್ತಾರೆ.